ಕಿಟಕಿಯಿಂದ ಕಿಟಕಿಗೆ ಕನ್ನಡ ದಾಟಲಿ

(ನಿಡಗುಂದಿಯಲ್ಲಿ ಯುವಕ-ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ಕನ್ನಡದ ಬಗ್ಗೆ ಮಾತಾಡಲು ನಿಂತವರು ಬೋರ್ಡಿನಿಂದ ಶುರುಮಾಡುವುದು ವಾಡಿಕೆ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಬ್ಯಾಂಕಿನ ಬೋರ್ಡು. ಅವು ಕಣ್ಣಿಗೆ ಕಾಣುತ್ತವೆ, ಹಾಗಾಗಿ ಕೇಳುತ್ತೇವೆ, ಜಗಳ ಆಡುತ್ತೇವೆ. ಇವತ್ತು ಕಣ್ಣಿಗೆ ಬೀಳದ ಒಂದು ಜಾಗದ ಕಡೆ ನಿಮ್ಮನ್ನು ಕರೆದೊಯ್ಯಬೇಕಾಗಿದೆ. ಗಣಕಯಂತ್ರದ ಪರದೆಯ ಮೇಲೆ ಒಂದು ಕಿಟಕಿಗೂ ಇನ್ನೊಂದು ಕಿಟಕಿಗೂ ನಡುವೆ ಇರುವ ಜಾಗ ಅದು. ಅಲ್ಲಿ ಕನ್ನಡ ದಿನವೂ ಕಳೆದುಹೋಗುತ್ತಿದೆ, ಕೇಳುವವರಿಲ್ಲ.

ಒಂದು ಪ್ರೋಗ್ರಾಂ ಊಹಿಸಿಕೊಳ್ಳಿ. ಮೊದಲ ಕಿಟಕಿಯಲ್ಲಿ ರೈತರ ಪಟ್ಟಿ. ಒಂದು ಹೆಸರಿನ ಮೇಲೆ ಒತ್ತಿದರೆ ಎರಡನೆಯ ಕಿಟಕಿ ತೆರೆಯುತ್ತದೆ. ಅದರಲ್ಲಿ ಉತಾರದ ವಿವರ: ಹೆಸರು, ಊರು, ಸರ್ವೆ ನಂಬರು. ಅಲ್ಲಿ ತಿದ್ದಿ 'ಉಳಿಸು' ಎಂದರೆ ಮೊದಲ ಕಿಟಕಿಯಲ್ಲೂ ಬದಲಾಗಬೇಕು. ಕೇಳಲು ಇಷ್ಟೇ. ಪ್ರೋಗ್ರಾಂ ಬರೆಯಲು ಹೊಸದಾಗಿ ಕೂತವರು ಮುಗ್ಗರಿಸುವುದು ಇಲ್ಲಿಯೇ.

ಹೋಗುವ ದಾರಿ ಸುಲಭ. ಎರಡನೆಯ ಕಿಟಕಿ ತೆರೆಯುವಾಗಲೇ ಬೇಕಾದ ಮಾಹಿತಿಯನ್ನು ಅದರ ಕೈಗೆ ಕೊಡಿ, ಹೊಲಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಬರುವ ದಾರಿಯಲ್ಲಿ ಶಿಸ್ತು ಬೇಕು. ಎರಡನೆಯ ಕಿಟಕಿ ಮೊದಲನೆಯದರೊಳಗೆ ನುಗ್ಗಿ ಅದರ ಪಟ್ಟಿಯನ್ನು ತಾನೇ ತಿದ್ದಬಾರದು. ನೆರೆಮನೆಗೆ ಹೋದವರು ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆಯುತ್ತಾರೆಯೇ? ಬಾಗಿಲಲ್ಲಿ ನಿಂತು ಕೂಗುತ್ತಾರೆ. ಹಾಗೆಯೇ 'ಹೆಸರು ಬದಲಾಗಿದೆ' ಎಂಬ ಸಂದೇಶ ಕಳಿಸಿದರೆ ಸಾಕು, ಮಿಕ್ಕಿದ್ದನ್ನು ಮೊದಲ ಕಿಟಕಿ ತಾನೇ ನೋಡಿಕೊಳ್ಳುತ್ತದೆ. 'ರದ್ದು' ಒತ್ತಿದರೆ ಸಂದೇಶವೇ ಹೋಗದು, ಹಳೆಯದು ಹಾಗೆಯೇ ಉಳಿಯುತ್ತದೆ.

ಕಿಟಕಿಗಳು ಹತ್ತಾದರೆ? ಪಕ್ಕದ ಆಲಮಟ್ಟಿಯನ್ನು ನೋಡಿ. ಜಲಾಶಯ ಒಂದೇ. ಎಡದಂಡೆ ಕಾಲುವೆಗೂ ಬಲದಂಡೆ ಕಾಲುವೆಗೂ ನೀರು ಅಲ್ಲಿಂದಲೇ. ಪೂರ್ಣ ಮಟ್ಟ 519.60 ಮೀಟರ್. ಇವತ್ತಿನ ಮಟ್ಟವನ್ನು ಎರಡೂ ದಂಡೆಯವರು ತಮ್ಮ ತಮ್ಮ ವಹಿಯಲ್ಲಿ ತಮಗೆ ತೋಚಿದಂತೆ ಬರೆದುಕೊಂಡರೆ ಎರಡು ಲೆಕ್ಕವಾಗುತ್ತದೆ, ಜಗಳವಾಗುತ್ತದೆ. ಅಳತೆಗೋಲು ಒಂದಿರಲಿ, ನೋಡುವ ಕಣ್ಣು ನೂರಿರಲಿ. 1979ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ರೂಪಿಸಿದ ವಿನ್ಯಾಸದ ತಿರುಳು ಇದೇ: ಮಾಹಿತಿ ಒಂದು ಕಡೆ, ಅದನ್ನು ತೋರಿಸುವ ಕಿಟಕಿಗಳು ಬೇರೆ.

ಇದರ ಬೆಲೆ ನಿಮಗೆ ಗೊತ್ತಾಗಬೇಕು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆಮೇಲೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ನಿಡಗುಂದಿ ತಾನೇ ತಾಲ್ಲೂಕಾಯಿತು. ಊರಿನ ವಿವರ ಒಂದೇ ಕಡೆ ಇರುವ ಪ್ರೋಗ್ರಾಮಿನಲ್ಲಿ ಒಂದು ತಿದ್ದುಪಡಿ ಸಾಕು. ಪ್ರತಿ ಕಿಟಕಿಯೂ ತನ್ನದೇ ನಕಲು ಇಟ್ಟುಕೊಂಡಿದ್ದರೆ ಒಂದರಲ್ಲಿ ಹಳೆಯ ತಾಲ್ಲೂಕು, ಇನ್ನೊಂದರಲ್ಲಿ ಹೊಸದು. ಎರಡು ಕಾಗದ ತಾಳೆಯಾಗದೆ ಕೌಂಟರಿನ ಮುಂದೆ ನಿಲ್ಲುವವರು ನಿಮ್ಮ ಅಪ್ಪ, ನಿಮ್ಮ ಅವ್ವ.

ಇದು ಒಂದೇ ಪ್ರೋಗ್ರಾಮಿನ ಮಾತಾಯಿತು. ಎರಡು ಬೇರೆ ಪ್ರೋಗ್ರಾಮುಗಳ ಕಿಟಕಿಗಳ ನಡುವೆ ದಾಟಿಸಲು ನಾವೆಲ್ಲ ಬಳಸುವುದು ಕಾಪಿ-ಪೇಸ್ಟ್. 1970ರ ದಶಕದಲ್ಲಿ ಅದೇ ಜೆರಾಕ್ಸ್ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಇದಕ್ಕೆ ರೂಪ ಕೊಟ್ಟರು. ನಾವು ಕಾಪಿ ಮಾಡಿದ ಬರಹ ಕ್ಲಿಪ್‌ಬೋರ್ಡ್ ಎಂಬ ಜಗಲಿಯ ಮೇಲೆ ಕೂರುತ್ತದೆ, ಇನ್ನೊಂದು ಕಿಟಕಿ ಬಂದು ಎತ್ತಿಕೊಳ್ಳುತ್ತದೆ. ನೆನಪಿಡಿ, ಬರಿಯ ಬರಹವಾಗಿ ದಾಟುವಾಗ ಅಕ್ಷರದ ಚಿತ್ರ ಹೋಗುವುದಿಲ್ಲ, ಅದರ ಸಂಖ್ಯೆ ಹೋಗುತ್ತದೆ.

ನಮ್ಮ ಗೋಳು ಶುರುವಾದದ್ದು ಈ ಸಂಖ್ಯೆಯಿಂದ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕೂರಿಸಿದ್ದವು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಗಣಕಕ್ಕೆ ಕನ್ನಡ ತಂದ ಅವುಗಳ ಋಣ ದೊಡ್ಡದು. ಆದರೆ ಆ ಫಾಂಟಿನಲ್ಲಿ 'ನಿಡಗುಂದಿ' ಬರೆದು ಫಾಂಟು ಕಳಚಿ ನೋಡಿ. ಮೊದಲ 'ನಿ' ಹಣದ ಸಾಮಾನ್ಯ ಗುರುತು. 'ಡ'ದ ಜಾಗದಲ್ಲಿ ಇಂಗ್ಲಿಷಿನ ಸಣ್ಣ ಕ್ಯೂ. ಸೊನ್ನೆಯ ಜಾಗದಲ್ಲಿ ದೊಡ್ಡ ಎ. ಕೊನೆಯ 'ದಿ' ಅಮೆರಿಕದ ಸೆಂಟ್ ನಾಣ್ಯದ ಗುರುತು! ನಮ್ಮ ಕಣ್ಣಿಗೆ ಅದು ಊರು, ಯಂತ್ರಕ್ಕೆ ಚಿಲ್ಲರೆ ಕಾಸು. ಫಾಂಟು ಜೊತೆಗೆ ಬಾರದ ಕಿಟಕಿಯಲ್ಲಿ ಆ ಚಿಲ್ಲರೆಯೇ ಚೆಲ್ಲುತ್ತದೆ.

ಪರಿಹಾರದ ಬೀಜ 1991ರಲ್ಲೇ ಬಿದ್ದಿತ್ತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಮನೆಗಳು ಮೀಸಲಾದವು. 'ನ' ಎಂದರೆ 3240, 'ಗ' ಎಂದರೆ 3223, ಜಗತ್ತಿನ ಯಾವ ಯಂತ್ರದಲ್ಲಾದರೂ. ಅದು ನಮ್ಮ ಸ್ವಂತ ನಿವೇಶನ, ಬಾಡಿಗೆ ಮನೆಯಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ತುಂಗಾ ಫಾಂಟನ್ನೂ ತಂದಿತು. ನುಡಿ, ಬರಹಗಳೂ ಯೂನಿಕೋಡಿಗೆ ಬಂದವು.

ಹಾಗಾದರೆ ಇವತ್ತೂ ಯಾಕೆ ತೊಂದರೆ? ಪ್ರೋಗ್ರಾಂ ಬರೆಯುವವರು ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆಯುವುದರಿಂದ. ವಿಂಡೋಸಿನ ಹಳೆಯ ಒಂದು ಬೈಟಿನ ಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಆ ದಾರಿಯಲ್ಲಿ ಕಳಿಸಿದರೆ ನಿಮ್ಮ ಹೆಸರು ಸಾಲು ಸಾಲು ಪ್ರಶ್ನೆಚಿಹ್ನೆಯಾಗಿ ಆಚೆ ಬರುತ್ತದೆ. ಇನ್ನು ಅಳತೆ. ಇಂಗ್ಲಿಷಿನಲ್ಲಿ ಬರೆದ ನಿಡಗುಂದಿಗೆ 9 ಬೈಟು ಸಾಕು. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಎಂಟು ಸಂಕೇತಕ್ಕೆ 24. ಸಂದೇಶಕ್ಕೆ 20 ಬೈಟು ಮಾತ್ರ ಕೊಟ್ಟಿದ್ದರೆ ಊರು 'ನಿಡಗುಂ' ಎಂದು ನಿಂತು, ಬಾಲಕ್ಕೆ ಒಂದು ಮುರುಕು ಗುರುತು ಅಂಟುತ್ತದೆ.

ಇದಕ್ಕೆಲ್ಲ ಅಂಜಿ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಹೆಸರನ್ನು ಇಂಗ್ಲಿಷಿನಲ್ಲಿ ದಾಟಿಸಿ, ಆಚೆ ಮತ್ತೆ ಕನ್ನಡ ಮಾಡುವುದು. ಇಂಗ್ಲಿಷಿನ ಎಲ್ ಅಕ್ಷರಕ್ಕೆ 'ಲ' ಯಾವುದು, 'ಳ' ಯಾವುದು ಗೊತ್ತೇ? ಈ ಕಿಟಕಿಯಿಂದ ಹೊರಟ ಕಲ್ಲಪ್ಪ ಆ ಕಿಟಕಿ ತಲುಪುವ ಹೊತ್ತಿಗೆ ಕಳ್ಳಪ್ಪ ಆಗಿರುತ್ತಾನೆ! ನಗಬೇಡಿ. ಉತಾರದಲ್ಲಿ ಹಾಗೆ ಅಚ್ಚಾದರೆ ತಿದ್ದಿಸಲು ಓಡಾಡುವವನು ಅವನೇ.

ನಿಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ತಂತ್ರಾಂಶದ ಕೆಲಸಕ್ಕೆ ಸೇರಿದ್ದೀರಿ, ಸೇರಲಿದ್ದೀರಿ. ನಾನು ಕೇಳುವುದು ಮೂರು ಮಾತು. ಮಾಹಿತಿ ಒಂದೇ ಕಡೆ ಇಡಿ, ಕಿಟಕಿಗಳು ಸಂದೇಶದಿಂದ ಮಾತಾಡಲಿ. ಪಠ್ಯ ದಾಟುವ ಪ್ರತಿ ಬಾಗಿಲಲ್ಲೂ ಯೂನಿಕೋಡ್ ಇರಲಿ, ಅಳತೆಯಲ್ಲಿ ಕನ್ನಡಕ್ಕೂ ಜಾಗ ಇರಲಿ. ಪರೀಕ್ಷೆಗೆ ಕೂತಾಗ 'ಟೆಸ್ಟ್' ಎಂದು ಬೆರಳಾಡಿಸಿ ಏಳಬೇಡಿ, 'ಸ್ವಾತಂತ್ರ್ಯ' ಎಂದು ಬರೆಯಿರಿ, 'ಕೃಷ್ಣಾ' ಎಂದು ಬರೆಯಿರಿ, ನಿಮ್ಮ ಅಜ್ಜಿಯ ಹೆಸರು ಬರೆಯಿರಿ. ಮೊದಲ ಕಿಟಕಿಯಲ್ಲಿ ಬರೆದದ್ದು ಕೊನೆಯ ಕಿಟಕಿಯಲ್ಲಿ ಒಂದು ಒತ್ತಕ್ಷರವೂ ಉದುರದೆ ಬಂದರೆ ಮಾತ್ರ ಕೆಲಸ ಮುಗಿಯಿತು ಎನ್ನಿ.

ಇದಕ್ಕೆ ಮೆರವಣಿಗೆ ಬೇಡ, ಯಾರ ಅಪ್ಪಣೆಯೂ ಬೇಡ. ಕೀಲಿಮಣೆಯ ಮುಂದೆ ಕೂತ ನೀವು ಮನಸ್ಸು ಮಾಡಿದರೆ ಸಾಕು.

ಸಿರಿಗನ್ನಡಂ ಗೆಲ್ಗೆ.