ಮಳೆಯ ನಾಡಿನ ಬರ: ನೀರಿನ ಹೊಣೆ ಯಾರದು?

(ಬೇಸಗೆಯ ಜಲಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ನೀರಿನ ಅಭಾವವೆಂದರೆ ಮಳೆಯ ಅಭಾವವೆಂದು ನಾವು ಬಹುಕಾಲ ನಂಬಿದ್ದೆವು. ಮೇಘಾಲಯದ ಸೋಹ್ರಾ, ಅಂದರೆ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಚಿರಾಪುಂಜಿ, ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಅಲ್ಲಿ 26,461 ಮಿ.ಮೀ. ಮಳೆ ಸುರಿಯಿತು, ಅದು ಇಂದಿಗೂ ಜಗತ್ತಿನ ದಾಖಲೆ. ಅದೇ ಊರಿನಲ್ಲಿ ಚಳಿಗಾಲ ಬಂತೆಂದರೆ ಹೆಂಗಸರು ನೀರಿಗಾಗಿ ದೂರದ ಒರತೆಗೆ ನಡೆಯಬೇಕಾಗುತ್ತದೆ. ಅಷ್ಟು ದೂರವೇಕೆ? ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ಆಸುಪಾಸಿನ ಮಳೆಯಾಗುತ್ತದೆ. ಹಾಗಿದ್ದೂ ಘಟ್ಟದ ಎಷ್ಟೋ ಹಳ್ಳಿಗಳಿಗೆ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಏರಿ ಬರುತ್ತದೆ.

ಇದರ ಕಾರಣ ಆಕಾಶದಲ್ಲಿಲ್ಲ, ನೆಲದಲ್ಲಿದೆ. ನಾಲ್ಕು ತಿಂಗಳಲ್ಲಿ ಸುರಿಯುವ ನೀರನ್ನು ಎಂಟು ತಿಂಗಳಿಗೆ ಹಂಚಿಕೊಡುವ ಕೆಲಸವನ್ನು ಮಾಡುತ್ತಿದ್ದುದು ಕಾಡಿನ ತರಗೆಲೆ, ಬೇರುಗಳು ಸಡಿಲಗೊಳಿಸಿದ ಮಣ್ಣು ಮತ್ತು ಅದರಡಿಯ ರಂಧ್ರಮಯವಾದ ಜಂಬಿಟ್ಟಿಗೆ ಕಲ್ಲು. ಇವು ಮಳೆಯನ್ನು ಹೀರಿ, ತಡೆದು, ಬೆಟ್ಟದ ಬುಡದಲ್ಲಿ ಅಬ್ಬಿಯಾಗಿ ಬಿಡುಗಡೆ ಮಾಡುತ್ತಿದ್ದವು. ಅಡಿಕೆ ದಂಬೆಯ ಮೂಲಕ ಆ ನೀರು ಬಚ್ಚಲಿಗೂ ಕೊಟ್ಟಿಗೆಗೂ ಹರಿದು ಬರುತ್ತಿತ್ತು. ಕರೆಂಟು ಬೇಕಿರಲಿಲ್ಲ, ಬಿಲ್ಲು ಬರುತ್ತಿರಲಿಲ್ಲ. ಸೊಪ್ಪಿನಬೆಟ್ಟ ಬೋಳಾದಂತೆ, ಗುಡ್ಡದ ನೆತ್ತಿಯನ್ನು ಜೆಸಿಬಿ ಸಮತಟ್ಟು ಮಾಡಿದಂತೆ ಈ ಹೀರುವ ಶಕ್ತಿ ಕುಂದಿತು. ಮಳೆ ಅಷ್ಟೇ ಬಂದರೂ ನೀರು ಒಂದೆರಡು ದಿನಗಳಲ್ಲಿ ಸಮುದ್ರ ಸೇರುತ್ತದೆ. ಬಳಿಕ ನಾವು ಕೊಳವೆಬಾವಿ ಕೊರೆಯುತ್ತೇವೆ. ಅದು ಎತ್ತುವುದು ಗಟ್ಟಿಬಂಡೆಯ ಬಿರುಕುಗಳಲ್ಲಿ ಸಂಚಿತವಾದ ನೀರನ್ನು. ಆ ಬಿರುಕುಗಳು ತುಂಬುವುದು ಮಾತ್ರ ಮೇಲಿನ ನೆಲ ಹೀರಿದಾಗಲೇ.

ಕಾರಣ ಹೀಗಿರುವಾಗ, ಸರಿಪಡಿಸಬೇಕಾದವರು ಯಾರು? ಈ ಪ್ರಶ್ನೆಗೆ ಮೂರು ಸಿದ್ಧ ಉತ್ತರಗಳು ಸದಾ ಕೇಳಿಬರುತ್ತವೆ: ಸರಕಾರ, ಕಂಪನಿ, ಇಲ್ಲವೇ ಊರಿನವರೇ. ಮೂರರಲ್ಲಿ ಒಂದನ್ನು ಆರಿಸಿಕೊಂಡು ನಿಶ್ಚಿಂತರಾಗಲು ಸಾಧ್ಯವೇ ಎಂಬುದನ್ನು ತಿಳಿಯಲು ನಿಮ್ಮನ್ನು ಇನ್ನೊಂದು ಬೆಟ್ಟನಾಡಿಗೆ ಕರೆದೊಯ್ಯುತ್ತೇನೆ.

ದಕ್ಷಿಣ ಅಮೆರಿಕದ ಬೊಲಿವಿಯಾ ಬಡ ದೇಶ. ಅದರ ಆಂಡಿಸ್ ಪರ್ವತಗಳ ನಡುವಿನ ಕಣಿವೆಯಲ್ಲಿ ಕೊಚಬಾಂಬಾ ಎಂಬ ನಗರವಿದೆ. ಅಲ್ಲಿನ ಸರಕಾರಿ ನೀರು ಸಂಸ್ಥೆ ದುರ್ಬಲವಾಗಿತ್ತು. ನಗರದ ಹಲವು ಭಾಗಗಳಿಗೆ ಕೊಳವೆಯೇ ಇರಲಿಲ್ಲ. ಸಂಸ್ಥೆಯನ್ನು ಖಾಸಗಿಯವರಿಗೆ ಒಪ್ಪಿಸಬೇಕೆಂದು ವಿಶ್ವಬ್ಯಾಂಕ್ ಒತ್ತಾಯಿಸುತ್ತ ಬಂದಿತ್ತು. 1999ರಲ್ಲಿ ಸರಕಾರವು ಅಮೆರಿಕದ ಬೆಕ್ಟೆಲ್ ಪ್ರಮುಖ ಪಾಲುದಾರನಾಗಿದ್ದ ಒಂದು ಒಕ್ಕೂಟಕ್ಕೆ ನಲವತ್ತು ವರ್ಷಗಳ ಗುತ್ತಿಗೆ ನೀಡಿತು. ಹೂಡಿಕೆಯ ಮೇಲೆ ವರ್ಷಕ್ಕೆ ಕನಿಷ್ಠ ಶೇ. 15ರ ಲಾಭದ ಭರವಸೆಯೂ ಆ ಕರಾರಿನಲ್ಲಿತ್ತು. ಜೊತೆಗೆ ಬಂದ ಹೊಸ ಕಾಯಿದೆಯಿಂದ, ಜನ ತಾವೇ ಹಣ ಕೂಡಿಸಿ ತೋಡಿಕೊಂಡ ಬಾವಿಗಳೂ ರೈತರ ಹಳೆಯ ಕಾಲುವೆಗಳೂ ಕಂಪನಿಯ ಹಿಡಿತಕ್ಕೆ ಹೋಗುವ ಭೀತಿ ಹುಟ್ಟಿತು. 2000ದ ಜನವರಿಯಲ್ಲಿ ಏರಿದ ದರದ ಬಿಲ್ಲುಗಳು ಬಂದವು. ಕೆಲವರ ಬಿಲ್ಲು ಎರಡು ಪಟ್ಟಾಗಿತ್ತು. ನಗರದ ಕಾರ್ಮಿಕರೂ ಹಳ್ಳಿಯ ನೀರಾವರಿ ರೈತರೂ ಒಟ್ಟಾಗಿ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಗುಂಡೇಟಿಗೆ ಹದಿನೇಳು ವರ್ಷದ ಒಬ್ಬ ಹುಡುಗ ಬಲಿಯಾದ. ವಿದ್ಯಾರ್ಥಿ ಮಿತ್ರರೇ, ಅವನದು ನಿಮ್ಮದೇ ವಯಸ್ಸು. ಅದೇ ತಿಂಗಳು ಕರಾರು ರದ್ದಾಯಿತು. ಪರಿಹಾರ ಕೇಳಿ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋದ ಕಂಪನಿಯವರು 2006ರಲ್ಲಿ ಸಾಂಕೇತಿಕ ಬೆಲೆಗೆ ರಾಜಿಯಾಗಿ ಮರಳಿದರು.

ಚಳವಳಿಯ ವೇದಿಕೆಗಳಲ್ಲಿ ಕೊಚಬಾಂಬಾದ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ನೀರು ಸಂಸ್ಥೆ ಮತ್ತೆ ಸಾರ್ವಜನಿಕರ ಕೈಗೆ ಬಂತು, ಆದರೆ ನಗರದ ದಕ್ಷಿಣ ಭಾಗದ ಬಡ ಬಡಾವಣೆಗಳಿಗೆ ಕೊಳವೆ ಬರಲಿಲ್ಲ. ಹೋರಾಟದ ಬಳಿಕವೂ ವರ್ಷಗಟ್ಟಲೆ ಅವರು ಟ್ಯಾಂಕರಿನವರಿಂದ ದುಬಾರಿ ಬೆಲೆಗೆ ನೀರು ಕೊಂಡರು, ಇಲ್ಲವೇ ತಮ್ಮ ಬೀದಿಯ ಸಮಿತಿ ತೋಡಿಸಿದ ಬಾವಿಯನ್ನು ನೆಚ್ಚಿದರು. ಕಂಪನಿಯನ್ನು ಓಡಿಸುವುದು ಒಂದು ಕೆಲಸ, ಕೊಳವೆ ಎಳೆಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಹಣ ಬೇಕು, ಎಂಜಿನಿಯರರು ಬೇಕು, ಲೆಕ್ಕಪತ್ರ ಬೇಕು, ಹತ್ತಾರು ವರ್ಷಗಳ ತಾಳ್ಮೆ ಬೇಕು. ಇವನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸಬಲ್ಲದ್ದು ತೆರಿಗೆ ಎತ್ತುವ ಅಧಿಕಾರವಿರುವ ಸರಕಾರವೊಂದೇ.

ಆದುದರಿಂದ ನನ್ನ ಮೊದಲ ಮಾತು: ಹೊಣೆಯ ಮೊದಲ ಪಾಲು ಸರಕಾರದ್ದು, ಅದು ದಾನವಲ್ಲ, ಕರ್ತವ್ಯ. ನಮ್ಮ ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯಲ್ಲಿದೆ. ಮಾಲಿನ್ಯರಹಿತ ನೀರು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆಯು ನೀರನ್ನು ಮಾನವ ಹಕ್ಕೆಂದು ಅಂಗೀಕರಿಸಿತು. 122 ರಾಷ್ಟ್ರಗಳು ಪರವಾಗಿ ಮತ ನೀಡಿದವು, ಭಾರತವೂ ಅವುಗಳಲ್ಲೊಂದು. ವಿರೋಧವಿರಲಿಲ್ಲ, 41 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಆ ನಿರ್ಣಯವನ್ನು ಮಂಡಿಸಿದ ದೇಶ ಬೊಲಿವಿಯಾ ಎಂಬುದು ಕಾಕತಾಳೀಯವಲ್ಲ.

ನಮ್ಮಲ್ಲಿ 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆಯು ಪ್ರತಿಯೊಬ್ಬ ಗ್ರಾಮವಾಸಿಗೂ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯಿಟ್ಟುಕೊಂಡಿತು. ಕರ್ನಾಟಕದಲ್ಲಿ ಅದಕ್ಕೆ ‘ಮನೆಮನೆಗೆ ಗಂಗೆ’ ಎಂದು ಹೆಸರು. 2024ಕ್ಕೆ ಮುಗಿಯಬೇಕಿದ್ದ ಅವಧಿಯನ್ನು 2028ರವರೆಗೆ ವಿಸ್ತರಿಸಲಾಗಿದೆ. ಕೊಳವೆ ಬಂದುದು ಸಣ್ಣ ಸಂಗತಿಯೇನಲ್ಲ. ಕೊಡ ಹೊತ್ತ ಸೊಂಟಗಳಿಗೆ ಅದರ ಬೆಲೆ ಗೊತ್ತು. ಆದರೆ ಗುಡ್ಡದ ಮೇಲಿನ ಮಜರೆಗಳಲ್ಲಿ ನಲ್ಲಿ ನಿಂತಿದೆ, ಮಾರ್ಚ್ ಕಳೆದರೆ ನೀರಿಲ್ಲ ಎಂಬ ಮಾತನ್ನು ಈ ಶಿಬಿರದಲ್ಲೇ ನಿನ್ನೆಯಿಂದ ಕೇಳುತ್ತಿದ್ದೇವೆ. ಗುತ್ತಿಗೆದಾರನಿಗೆ ಕೊಳವೆಯ ಉದ್ದದಲ್ಲಿ ಹಣವಿದೆ, ಅಬ್ಬಿಯ ಮೇಲಿನ ಕಾಡಿನಲ್ಲಿ ಹಣವಿಲ್ಲ.

ಸಿಕ್ಕಿಂನವರು ಈ ಕೊರತೆಯನ್ನು ಬೇಗ ಗುರುತಿಸಿದರು. ಅಲ್ಲಿಯ ಬೆಟ್ಟದ ಹಳ್ಳಿಗಳು ಕುಡಿಯುವ ನೀರಿಗೆ ‘ಧಾರಾ’ ಎಂದು ಕರೆಯುವ ಒರತೆಗಳನ್ನು ನೆಚ್ಚಿವೆ. ಅವು ಬತ್ತತೊಡಗಿದಾಗ, 2008ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯು ‘ಧಾರಾ ವಿಕಾಸ’ ಎಂಬ ಕಾರ್ಯಕ್ರಮ ಆರಂಭಿಸಿತು. ಒರತೆ ಹೊರಬೀಳುವ ಜಾಗ ಒಂದಾದರೆ, ಅದಕ್ಕೆ ನೀರುಣಿಸುವ ಜಾಗ ಬೇರೆಯೇ ಇರಬಹುದು. ಬಂಡೆಯ ಪದರಗಳ ಓರೆಯನ್ನು ಅನುಸರಿಸಿ ಅದು ಪಕ್ಕದ ಗುಡ್ಡದಲ್ಲಿಯೂ ಇದ್ದೀತು. ಭೂವಿಜ್ಞಾನದ ನೆರವಿನಿಂದ ಆ ಜಾಗವನ್ನು ಗುರುತಿಸಿ, ಆಗಿನ ಉದ್ಯೋಗ ಖಾತರಿ ಯೋಜನೆಯ ಕೂಲಿಯಲ್ಲಿ ಇಂಗುಗುಂಡಿ, ಇಂಗುಕಾಲುವೆಗಳನ್ನು ತೋಡಿದರು; ಹಲವು ಒರತೆಗಳು ಚೇತರಿಸಿದವು. ಇಲ್ಲಿ ಹಣ ಮತ್ತು ಶಾಸ್ತ್ರ ಸರಕಾರದ್ದು, ನೆಲದ ಅರಿವು ಮತ್ತು ದುಡಿಮೆ ಊರಿನದು.

ಊರಿನ ಪಾಲಿನ ಬಗ್ಗೆ ಮಾತನಾಡುವಾಗ ನಮ್ಮವರಿಗೆ ಉತ್ಸಾಹ ಉಕ್ಕುತ್ತದೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು, ಹಲವು ವ್ಯರ್ಥವಾದರೂ ಬಿಡದೆ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಕೂಲಿ ಮಾಡಿ ಬದುಕುವ ಮನುಷ್ಯನೊಬ್ಬ ವರ್ಷಾನುಗಟ್ಟಲೆ ಕತ್ತಲಲ್ಲಿ ಕಲ್ಲು ಕಡಿದರೆ ಮಾತ್ರ ನೀರು ಸಿಗುವುದಾದರೆ, ಅದು ನಾವು ಮೆಚ್ಚಿ ಸುಮ್ಮನಾಗಬಹುದಾದ ವ್ಯವಸ್ಥೆಯೇ?

ಇನ್ನೂ ಕಹಿಯಾದ ಒಂದು ಮಾತಿದೆ. ‘ಊರು’ ಎಂಬುದು ಒಂದೇ ಮನೆಯಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಚವದಾರ್ ಕೆರೆಗೆ ನಡೆದು ನೀರು ಮುಟ್ಟಿದರು. ಆ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆ ಅದಕ್ಕೆ ಮುಂಚೆಯೇ ಠರಾವು ಮಾಡಿತ್ತು, ಊರು ಬಿಡಲಿಲ್ಲ. ನಮ್ಮ ಮಲೆನಾಡಿನಲ್ಲಿಯೂ ಬೆಟ್ಟದ ಸವಲತ್ತು ತೋಟವಿರುವವರದು, ಅಬ್ಬಿಯ ಮೊದಲ ನೀರು ತೋಟದ ಮನೆಯದು. ಕೇರಿಯ ಪಾಲಿಗೆ ಉಳಿದುದು ಹಳ್ಳದ ತಗ್ಗು. ನೀರಿನ ಸಮಿತಿಯಲ್ಲಿ ಆ ಕೇರಿಯವರು ಸಹಿ ಹಾಕುವುದಕ್ಕಷ್ಟೇ ಇದ್ದರೆ, ‘ಸಮುದಾಯದ ಒಡೆತನ’ ಎಂಬ ಚೆಂದದ ಮಾತಿನಡಿ ಹಳೆಯ ಯಜಮಾನಿಕೆಯೇ ಮುಂದುವರಿಯುತ್ತದೆ. ಇದನ್ನು ನಮ್ಮ ಕೂಟದ ಒಳಗೂ ಹೇಳುತ್ತ ಬಂದಿದ್ದೇನೆ, ಎಲ್ಲರಿಗೂ ರುಚಿಸಿಲ್ಲ.

ಇನ್ನು ಬಯಲಿನವರ ಪ್ರಶ್ನೆ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24 ಟಿಎಂಸಿ ನೀರನ್ನೆತ್ತಿ ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ 2012ರಲ್ಲಿ ಅಂದಾಜಿಸಿದ ವೆಚ್ಚ 8,323 ಕೋಟಿ ರೂಪಾಯಿ. 2023ರ ವೇಳೆಗೆ ಅದು 23,000 ಕೋಟಿ ದಾಟಿತು. ಅಲ್ಲಿ ಸಿಗುವುದು 9.55 ಟಿಎಂಸಿ ಮಾತ್ರವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಪಂಪುಗಳು ಚಾಲನೆಗೊಂಡವು. ಯೋಜನೆಯನ್ನು ನಾನು ವಿರೋಧಿಸಿದವನೇ. ಆದರೆ ಕೋಲಾರದ ತಾಯಿಯೊಬ್ಬಳು ಫ್ಲೋರೈಡ್ ತುಂಬಿದ ನೀರನ್ನು ಮಗುವಿಗೆ ಕುಡಿಸುತ್ತಿರುವಾಗ ‘ನಮ್ಮ ನೀರು ನಮ್ಮದು’ ಎಂಬ ಘೋಷಣೆ ನನ್ನ ಬಾಯಿಂದ ಹೊರಡುವುದಿಲ್ಲ. ನಾವು ಕೇಳಬೇಕಾದುದು ಬೇರೆ: ಅವಳಿಗೆ ನಿಜವಾಗಿ ಎಷ್ಟು ನೀರು ತಲುಪುತ್ತದೆ? ಅಷ್ಟೇ ಹಣದಲ್ಲಿ ಅಲ್ಲಿನ ಕೆರೆಗಳ ಹೂಳೆತ್ತಿ, ಮಳೆನೀರು ಹಿಡಿದಿದ್ದರೆ ಎಷ್ಟು ಸಿಗುತ್ತಿತ್ತು? ಕಾಲುವೆ ಆರಂಭವಾಗುವ ಹಳ್ಳಿಯ ಗ್ರಾಮಸಭೆಯನ್ನು ಕೇಳಿದವರು ಯಾರು? 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದಾಗ, ಕೆರೆಗಳ ಮೇಲೆ ಎದ್ದ ಬಡಾವಣೆಗಳ ಲೆಕ್ಕವನ್ನು ಕೇಳದೆ ಇನ್ನಷ್ಟು ದೂರದ ನದಿಯ ಕಡೆ ಬೆರಳು ತೋರಿಸುವುದು ಸರಿಯೇ? ದೂರದಿಂದ ನೀರು ಪಡೆಯುವ ನಗರವು ನೀರಿನ ಬಿಲ್ಲಿನಲ್ಲಿ ಒಂದು ಪಾಲನ್ನು ಆ ನೀರು ಹುಟ್ಟುವ ಕಾಡಿಗೂ ಅದನ್ನು ಕಾಯುವ ಹಳ್ಳಿಗೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರು, ಜಲಾನಯನ ಅಭಿವೃದ್ಧಿ ಎರಡೂ ಪಂಚಾಯತಿಗೆ ವಹಿಸಬಹುದಾದ ವಿಷಯಗಳಾಗಿ ಸೇರಿವೆ. ಮಳೆಗಾಲಕ್ಕೆ ಇನ್ನು ಕೆಲವೇ ವಾರಗಳಿವೆ, ಒರತೆಗಳ ನಿಜಸ್ಥಿತಿ ಕಾಣುವುದು ಈಗಲೇ. ವಿದ್ಯಾರ್ಥಿಗಳು ಗಡಿಯಾರ ಮತ್ತು ಅಳತೆಯ ಕೊಡದೊಡನೆ ಹೊರಡಿ. ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕೆಂಬುದನ್ನು ಅಬ್ಬಿಯಿಂದ ಅಬ್ಬಿಗೆ ಬರೆದುಕೊಳ್ಳಿ, ಮೊದಲು ಕೇರಿಯವರು ನೀರು ತರುವ ಜಾಗದಿಂದ ಆರಂಭಿಸಿ. ಹಿಂದೆ ಅದು ಎಲ್ಲಿಯವರೆಗೆ ಹರಿಯುತ್ತಿತ್ತೆಂದು ಅಜ್ಜಿಯಂದಿರನ್ನು ಕೇಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಪಿಡಿಓ ಅವರನ್ನು ಕೋರಿ. ಬಳಿಕ ಕೊಳವೆಗೆ ಮಂಜೂರಾದ ಹಣವೆಷ್ಟು, ಜಲಮೂಲದ ರಕ್ಷಣೆಗೆ ಮಂಜೂರಾದ ಹಣವೆಷ್ಟು ಎಂದು ಕೇಳಿ. ಉತ್ತರ ಲಿಖಿತವಾಗಿ ಬರಲಿ.