ಕೊನೆಯ ಗೆರೆಯ ಕಾವಲುಗಾರರು

(ಕೊಟ್ಟೂರಿನಲ್ಲಿ ಶಿಕ್ಷಕರು ಮತ್ತು ಕ್ರೀಡಾಸಕ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಿಸಿಲನ್ನು ಲೆಕ್ಕಿಸದೆ ಬಂದಿರುವ ಹಿರಿಯರೆ, ಗೆಳೆಯರೆ,

ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಿಂದ ಮಾತು ಆರಂಭಿಸಿದರೆ ನಿಮಗೆ ನಗು ಬರಬಹುದು. ನಮ್ಮ ಸೀಮೆಯ ಮಕ್ಕಳು ಮಂಜುಗಡ್ಡೆ ಕಂಡದ್ದು ಐಸ್‌ಕ್ಯಾಂಡಿ ಡಬ್ಬಿಯಲ್ಲಿ. ಆದರೆ ನಾನು ಹೇಳಹೊರಟಿರುವುದು ಗೋಲಿನ ಮುಂದೆ ನಿಲ್ಲುವವನ ಬಗ್ಗೆ. ಅವನ ಪಾಡು ಎಲ್ಲ ನೆಲದಲ್ಲೂ ಒಂದೇ.

ನಮ್ಮ ಊರುಗಳಲ್ಲಿ ಕೆರೆಯ ನೀರು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಏರಿ ಗಟ್ಟಿಯಾಗಿರುವಷ್ಟು ಕಾಲ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಏರಿ ಒಡೆದ ದಿನ ಊರೆಲ್ಲ ಅವನ ಬಾಗಿಲಿಗೆ ಬರುತ್ತದೆ. ಗೋಲ್‌ಕೀಪರ್ ಕೂಡ ಅಂಥವನೇ. ಆಗದೆ ಹೋದ ಅನಾಹುತವೇ ಅವನ ಸಾಧನೆ. ಆಗದೆ ಹೋದದ್ದನ್ನು ಲೆಕ್ಕ ಇಡುವುದು ಹೇಗೆ?

ಐಸ್ ಹಾಕಿಯವರು ಲೆಕ್ಕ ಇಟ್ಟರು. ಅಲ್ಲಿ ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಗೋಲಿ ಎಷ್ಟು ಹೊಡೆತ ಎದುರಿಸಿದ, ಎಷ್ಟು ತಡೆದ, ಎಷ್ಟು ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ ಎಂಬುದೆಲ್ಲ ಅವರ ಪುಸ್ತಕದಲ್ಲಿದೆ. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ ಟೆರಿ ಸಾಚುಕ್ 103 ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ಗೋಲು ಕೊಡಲಿಲ್ಲ. ಆ ದಾಖಲೆಯನ್ನು 2009ರಲ್ಲಿ ಮುರಿದ ಮಾರ್ಟಿನ್ ಬ್ರೊಡರ್ ಆ ಸಂಖ್ಯೆಯನ್ನು 125ಕ್ಕೆ ಏರಿಸಿದರು. ಅವರಿದ್ದು ಗೆದ್ದ ಪಂದ್ಯಗಳು 691. ಸೋವಿಯತ್ ಒಕ್ಕೂಟದ ವ್ಲಾದಿಸ್ಲಾವ್ ತ್ರೆತ್ಯಾಕ್ 1972, 1976 ಮತ್ತು 1984ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು.

ಮುಖಕ್ಕೆ ರಕ್ಷೆಯಿಲ್ಲದೆ ಗೋಲಿನಲ್ಲಿ ನಿಲ್ಲುವುದೇ ಅಲ್ಲಿ ಬಹುಕಾಲದ ರೂಢಿ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಬಿಲ್ಲೆ ಬಡಿದು ಜಾಕ್ ಪ್ಲಾಂಟ್ ಅವರ ಮುಖ ಹರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವರೇ, ಮುಖವಾಡ ತೊಟ್ಟರಷ್ಟೇ ಆಡುವೆ ಎಂದರು. ತರಬೇತುದಾರರಿಗೆ ಇಷ್ಟವಿರಲಿಲ್ಲ, ಒಪ್ಪದೆ ವಿಧಿಯಿರಲಿಲ್ಲ. ಅಂದಿನಿಂದ ಮುಖವಾಡ ಹೇಡಿತನದ ಗುರುತಾಗಿ ಉಳಿಯಲಿಲ್ಲ.

ಇದಾಗಿ 13 ವರ್ಷಗಳ ನಂತರ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡ ಕಂಚು ಗೆದ್ದಾಗ ಅದರ ಗೋಲ್‌ಕೀಪರ್‌ಗಳಲ್ಲಿ ಒಬ್ಬರು ಮ್ಯಾನುಯೆಲ್ ಫ್ರೆಡ್ರಿಕ್. ಹುಟ್ಟಿದ್ದು ಕಣ್ಣೂರಿನಲ್ಲಿ, ದುಡಿದದ್ದು ಸೇನೆಯಲ್ಲಿ, ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಇಂದಿನಂಥ ಶಿರಸ್ತ್ರಾಣ ಆಗಿರಲಿಲ್ಲ. ಬರುವ ಚೆಂಡಿಗೆ ಹಣೆ ಕೊಟ್ಟು ತಡೆದವರು ಎಂದೇ ಅವರ ಖ್ಯಾತಿ. ಧ್ಯಾನ್‌ಚಂದ್ ಪ್ರಶಸ್ತಿ ಅವರ ಕೈ ಸೇರಿದ್ದು 2019ರಲ್ಲಿ. ಪದಕದಿಂದ ಪ್ರಶಸ್ತಿಗೆ 47 ವರ್ಷ! 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಅವರು ತೀರಿಕೊಂಡರು.

ಕರ್ನಾಟಕ ಗೋಲ್‌ಕೀಪರ್‌ಗಳಿಗೆ ಬಡ ನಾಡಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಭಾರತದ ಇಬ್ಬರು ಗೋಲ್‌ಕೀಪರ್‌ಗಳೂ ಈ ರಾಜ್ಯದವರೇ: ಕೊಡಗಿನ ಎ.ಬಿ. ಸುಬ್ಬಯ್ಯ, ಬೆಂಗಳೂರಿನ ಆಶಿಶ್ ಬಲ್ಲಾಳ್. ಸುಬ್ಬಯ್ಯ 1996ರಲ್ಲಿ ಅಟ್ಲಾಂಟಾದಲ್ಲೂ ಆಡಿದರು.

ಬಲ್ಲಾಳರ ದಿನ ಬಂದದ್ದು 1998ರ ಡಿಸೆಂಬರಿನಲ್ಲಿ, ಬ್ಯಾಂಕಾಕ್‌ನಲ್ಲಿ. ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯ. ಎದುರಾಳಿ ದಕ್ಷಿಣ ಕೊರಿಯಾ. ಹೆಚ್ಚುವರಿ ಸಮಯ ಮುಗಿದರೂ 1–1. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳು. ಹೊಡೆಯುವವನು ಏಳು ಗಜ ದೂರದಲ್ಲಿ; ತಡೆಯುವವನ ಬೆನ್ನಿಗೆ 12 ಅಡಿ ಅಗಲದ ಗೋಲು. ಬಲ್ಲಾಳ್ ಎರಡು ಹೊಡೆತ ತಡೆದರು, ಭಾರತ 4–2ರಿಂದ ಗೆದ್ದಿತು. ಅದಕ್ಕೆ ಹಿಂದಿನ ಚಿನ್ನ ಬಂದದ್ದು 32 ವರ್ಷಗಳ ಕೆಳಗೆ, 1966ರಲ್ಲಿ, ಅದೇ ಬ್ಯಾಂಕಾಕ್‌ನಲ್ಲಿ. ಆಗಿನ ನಾಯಕ ಶಂಕರ್ ಲಕ್ಷ್ಮಣ್ ಕೂಡ ಗೋಲ್‌ಕೀಪರೇ.

ಮುಂದೇನಾಯಿತು? ಚಿನ್ನ ತಂದ ತಂಡದ ಹಲವು ಹಿರಿಯ ಆಟಗಾರರನ್ನು ಕೆಲವೇ ದಿನಗಳಲ್ಲಿ ಕೈಬಿಡಲಾಯಿತು. ಬಲ್ಲಾಳ್ ಅವರಲ್ಲೊಬ್ಬರು. ಏರಿ ಉಳಿಸಿದ ನೀರಗಂಟಿಯನ್ನೇ ಊರು ಬಿಡಿಸಿದಂತೆ.

ಕಾಲ ಸ್ವಲ್ಪ ಬದಲಾಗಿದೆ ಎನ್ನಲೂ ಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ, ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರ್ ತಡೆದು ಜರ್ಮನಿಯ ವಿರುದ್ಧ 5–4ರ ಗೆಲುವು ಉಳಿಸಿದವರು ಕೇರಳದ ಪಿ.ಆರ್. ಶ್ರೀಜೇಶ್. ಖೇಲ್‌ರತ್ನ ಅದೇ ವರ್ಷ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಗೆದ್ದು ನಿವೃತ್ತರಾದಾಗ ಅವರ 16ನೇ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡಬಾರದೆಂದು ಹಾಕಿ ಇಂಡಿಯಾ ತೀರ್ಮಾನಿಸಿತು. ಫ್ರೆಡ್ರಿಕ್ ಕಾದದ್ದು 47 ವರ್ಷ. ಶ್ರೀಜೇಶ್ ಕೆಲವೇ ತಿಂಗಳು.

ಆದರೆ ನಮ್ಮ ಶಾಲಾ ಮೈದಾನಗಳಲ್ಲಿ? ಓಡಲಾರದ ಹುಡುಗನನ್ನು, ಎಲ್ಲರಿಗಿಂತ ಚಿಕ್ಕವನನ್ನು ‘ನೀನು ಗೋಲಿಗೆ ನಿಲ್ಲು’ ಎನ್ನುತ್ತೇವೆ. ಮೂರು ತಡೆದು ಒಂದು ಬಿಟ್ಟರೆ ಆ ಒಂದಕ್ಕಾಗಿ ಬೈಯುತ್ತೇವೆ. ಇಲ್ಲಿ ಕುಳಿತಿರುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ. ಮುಂದಿನ ಪಂದ್ಯಾವಳಿಯ ಸ್ಕೋರು ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಗೋಲು ಹೊಡೆದವನ ಹೆಸರಿನ ಎದುರು, ತಡೆದವನ ಹೆಸರನ್ನೂ ಎಷ್ಟು ತಡೆದನೆಂಬುದನ್ನೂ ಬರೆಯಿರಿ. ಒಂದು ಸ್ಕೇಲು, ಒಂದು ಪೆನ್ಸಿಲು ಸಾಕು.