ನೋವಿಗೆ ಮೃದು ಮರ್ದನ



ಹೈದರಾಬಾದಿನ ಚಾರ್‌ಮಿನಾರ್‌ನ ಸಮೀಪದಲ್ಲಿಯೇ ಸರ್ಕಾರಿ ನಿಜಾಮಿಯಾ ಯುನಾನಿ ಆಸ್ಪತ್ರೆಯ ಭವ್ಯ ಕಟ್ಟಡವಿದೆ. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನ್ ಅವರ ಆಳ್ವಿಕೆಯಲ್ಲಿ (1911-1948) ಇದು ನಿರ್ಮಾಣಗೊಂಡಿತು. ಪ್ರವಾಸಕ್ಕೆ ಹೋದ ನಮ್ಮವರು ಬಳೆಯಂಗಡಿಗಳ ಕಡೆಗೆ ತಿರುಗಿಬಿಡುವುದರಿಂದ ಇದು ಅವರ ಕಣ್ಣಿಗೆ ಬೀಳುವುದು ಕಡಿಮೆ. ಆದರೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಭಾಗದ ಹಿರಿಯರಿಗೆ 'ಹಕೀಮ', 'ದವಾಖಾನೆ' ಎಂಬವು ಮನೆಯ ಮಾತುಗಳೇ ಆಗಿವೆ.

ಯುನಾನಿ ಪದ್ಧತಿಯಲ್ಲಿ ಔಷಧ ಸೇವನೆಗಿಂತ ಭಿನ್ನವಾದ ಬಾಹ್ಯೋಪಚಾರಗಳಿಗೆ 'ಇಲಾಜ್ ಬಿತ್ ತದ್‌ಬೀರ್' ಎಂದು ಹೆಸರು. ಅವುಗಳಲ್ಲಿ 'ದಲ್ಕ್', ಅಂದರೆ ಅಂಗಮರ್ದನ, ಮುಖ್ಯವಾದುದು. ಕೀಲುನೋವು, ಸೊಂಟದಿಂದ ಕಾಲಿಗೆ ಇಳಿಯುವ ನೋವು, ಪಾರ್ಶ್ವವಾಯು ಮುಂತಾದವುಗಳಲ್ಲಿ ಇದನ್ನು ಬಳಸುವರು. ಎಳ್ಳೆಣ್ಣೆ, ಸೇವಂತಿಗೆಯ ಕುಟುಂಬಕ್ಕೆ ಸೇರಿದ ಬಾಬೂನಾ ಹೂವಿನ ತೈಲ ಇತ್ಯಾದಿಗಳು ಇದಕ್ಕೆ ಒದಗುತ್ತವೆ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ (980-1037) ಮರ್ದನವನ್ನು ವಿಂಗಡಿಸಿ, ಗಟ್ಟಿಯಾದುದು ದೇಹವನ್ನು ಬಿಗಿಗೊಳಿಸುವುದೆಂದೂ ಮೃದುವಾದುದು ಸಡಿಲಗೊಳಿಸುವುದೆಂದೂ ವಿವರಿಸಿದನು. ಅಂದರೆ ಎಣ್ಣೆಗಿಂತ ಹೆಚ್ಚಾಗಿ ಒತ್ತಡದ ಪ್ರಮಾಣವೇ ಇಲ್ಲಿ ಔಷಧ.

ಈ ಮಾತನ್ನು ನಾವು ಮರೆತಂತಿದೆ. ಬಲವಾಗಿ ತಿಕ್ಕಿದರೇ ನೋವು ಹೋಗುವುದೆಂಬುದು ಮನೆಮನೆಯ ನಂಬಿಕೆ. ರೋಗಿಯು ಹಲ್ಲು ಕಚ್ಚಿಕೊಂಡಷ್ಟೂ ತಿಕ್ಕುವವರಿಗೆ ಉತ್ಸಾಹ! ನೋವಿಗೆ ಹೆದರಿದ ಸ್ನಾಯುವು ಇನ್ನಷ್ಟು ಬಿಗಿಯುತ್ತದೆಯೇ ಹೊರತು ಸಡಿಲವಾಗದು. ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳನ್ನು ತಡೆಯಬಲ್ಲವೆಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು. ನಿಧಾನವಾದ, ಹಗುರವಾದ ಸ್ಪರ್ಶಕ್ಕೇ ವಿಶೇಷವಾಗಿ ಸ್ಪಂದಿಸುವ ನರತಂತುಗಳು ಚರ್ಮದಲ್ಲಿರುವುದೂ ಅನಂತರ ತಿಳಿದುಬಂದಿದೆ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗ ಅವುಗಳಿಗೆ ಹಿತ. ಮಣಿಕಟ್ಟಿನಿಂದ ಮೊಣಕೈವರೆಗೆ ಅಂಗೈ ಸಾಗಲು ಏಳೆಂಟು ಸೆಕೆಂಡು ಹಿಡಿಯಲಿ. ಇದನ್ನು ಮನೆಯವರೂ ಮಾಡಬಹುದು.

ಆದರೆ ಇದರಿಂದ ಸವೆದ ಕೀಲು ಹೊಸದಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ನೀಡಿದ ಮಾರ್ಗಸೂಚಿಯಲ್ಲಿ ಮರ್ದನಕ್ಕೆ ಸ್ಥಾನವಿದೆಯಾದರೂ ಅದು ವ್ಯಾಯಾಮ, ತಿಳಿವಳಿಕೆ ಮುಂತಾದವುಗಳ ಜೊತೆಯಲ್ಲಿದೆ.

ಇನ್ನು ಕೈಯನ್ನೇ ಇಡಬಾರದ ಸಂದರ್ಭಗಳು. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದಲ್ಲಿ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾದೀತು. ಬಿದ್ದು ಪೆಟ್ಟಾದಾಗ ಉಳುಕೆಂದು ತಿಳಿದು ಮುರಿದ ಮೂಳೆಯನ್ನು ನೀವುವುದೂ ಅಷ್ಟೇ ಅಪಾಯಕರ. ಕ್ಷೌರದ ಕುರ್ಚಿಯಲ್ಲಿ ಕುಳಿತವರ ಕತ್ತನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯುವ ಅಭ್ಯಾಸವನ್ನಂತೂ ಸ್ಪಷ್ಟವಾಗಿ ಬೇಡವೆನ್ನಬೇಕು. ಕತ್ತಿನ ಧಮನಿ ಸೀಳಿ ಮೆದುಳಿಗೆ ಆಘಾತವಾಗುವ ಸಂಭವವುಂಟು. ಬೆನ್ನುನೋವಿನೊಡನೆ ಜ್ವರ, ಕಾಲುಗಳ ನಿಶ್ಶಕ್ತಿ ಅಥವಾ ಮೂತ್ರದ ಮೇಲೆ ಹತೋಟಿ ತಪ್ಪುವುದು ಕಂಡುಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಈ ಉಪಚಾರಕ್ಕಾಗಿ ಕನ್ನಡಿಗರು ಹೈದರಾಬಾದಿಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಲಾಜ್ ಬಿತ್ ತದ್‌ಬೀರ್‌ಗೆ ಪ್ರತ್ಯೇಕ ವಿಭಾಗವಿದೆ. ಹೋಗುವವರು ಹಿಂದಿನ ಎಕ್ಸ್‌ರೇ ಹಾಗೂ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ರಕ್ತವನ್ನು ತೆಳುವಾಗಿಸುವ ಔಷಧ ಅವುಗಳಲ್ಲಿದ್ದರೆ ಮರ್ದನಕ್ಕೆ ಮುಂಚೆಯೇ ತಪ್ಪದೆ ತಿಳಿಸಬೇಕು.